ಮನೆ ಬದಲಿಸುವಾಗ ಪಾಟ್, ಮಣ್ಣು, ಮಲ್ಚ್: ಫೈರ್ ಆಂಟ್ ವಲಯದಿಂದ ಹೊರಟವರು ಏನು ಮಾಡಿದಿರಿ?

ಕೇಳಿದವರು:
ಕ್ವೀನ್ಸ್‌ಲ್ಯಾಂಡ್‌ನಲ್ಲಿರುವವರ ಅನುಭವ ಬೇಕು. ಲೋಗನ್‌ನಿಂದ ರಾಕ್‌ಹ್ಯಾಂಪ್ಟನ್‌ಗೆ ಹೋಗುತ್ತಿದ್ದೇವೆ. ಎದೆಮಟ್ಟ ಬೆಳೆದ ಕರಿಬೇವಿನ ಪಾಟ್, ಮಲ್ಲಿಗೆ ಪಾಟ್‌ಗಳು, ಒಂದು ಡಬ್ಬ ಕಾಂಪೋಸ್ಟ್, ಬಿಚ್ಚಿದ ಮಲ್ಚ್ (ಗಿಡದ ಬುಡಕ್ಕೆ ಹೊದಿಸುವ ತೊಗಟೆ, ಹುಲ್ಲಿನ ಚೂರು) ಚೀಲ ಇವೆ. ಲಾರಿಯವರು ಫೈರ್ ಆಂಟ್ (ಹೊರಗಿನಿಂದ ಬಂದು ಹರಡುತ್ತಿರುವ, ಕಚ್ಚುವ ಬೆಂಕಿ ಇರುವೆ) ನಿಯಮ ನೋಡಿಕೊಂಡೇ ಗಿಡ ಕೊಡಿ ಅಂದರು. ನಮ್ಮ ಹಿತ್ತಲಲ್ಲಿ ಗೂಡು ಎಲ್ಲೂ ಕಂಡಿಲ್ಲ. ಆದರೂ ನಿಯಮ ನಮಗೆ ಬರುತ್ತದಾ? ಕರಿಬೇವು ಬಿಟ್ಟು ಹೋಗಲು ಮನಸ್ಸಿಲ್ಲ.

ಉತ್ತರ (ಬ್ರಿಸ್ಬೇನ್):
ಬರುತ್ತದೆ. ಹಿತ್ತಲಲ್ಲಿ ಗೂಡು ಇದೆಯಾ ಅಂತ ನಿಯಮ ಕೇಳುವುದಿಲ್ಲ, ವಿಳಾಸ ಫೈರ್ ಆಂಟ್ ವಲಯದೊಳಗೆ, ಅಂದರೆ ಇರುವೆ ಹರಡದಂತೆ ಸಾಗಣೆಗೆ ನಿಯಮ ಹಾಕಿರುವ ಪ್ರದೇಶದೊಳಗೆ, ಇದೆಯಾ ಅಂತ ಕೇಳುತ್ತದೆ. ಲೋಗನ್ ವಲಯದೊಳಗಿದೆ. ರಾಷ್ಟ್ರೀಯ ಫೈರ್ ಆಂಟ್ ನಿರ್ಮೂಲನಾ ಕಾರ್ಯಕ್ರಮದ ವೆಬ್‌ಸೈಟಿನಲ್ಲಿ ವಿಳಾಸ ಹಾಕಿದರೆ ಯಾವ ವಲಯ ಅಂತ ತೋರಿಸುತ್ತದೆ. ಮಣ್ಣು, ಮಲ್ಚ್, ಕಾಂಪೋಸ್ಟ್, ಗೊಬ್ಬರ, ಒಣಹುಲ್ಲು, ಪಾಟ್ ಗಿಡ, ಟರ್ಫ್ (ಹುಲ್ಲುಹಾಸು), ಮರಳು, ಜಲ್ಲಿ ಎಲ್ಲವೂ ಇರುವೆ ಹೊತ್ತೊಯ್ಯಬಲ್ಲ ವಸ್ತುಗಳು. ಇವನ್ನು ವಲಯದ ಹೊರಗೆ ಒಯ್ಯಬೇಕಾದರೆ ನಿಯಮದಲ್ಲಿ ಹೇಳಿದಂತೆ ನಡೆದಿರಬೇಕು, ಇಲ್ಲವೇ ಪರ್ಮಿಟ್ ಪಡೆದಿರಬೇಕು. ಅದರ ಮೇಲೆ, ಕ್ವೀನ್ಸ್‌ಲ್ಯಾಂಡ್‌ನ 2014ರ ಜೈವಿಕ ಸುರಕ್ಷತಾ ಕಾಯ್ದೆ ಪ್ರತಿಯೊಬ್ಬರ ಮೇಲೂ ಒಂದು ಸಾಮಾನ್ಯ ಹೊಣೆ ಹಾಕಿದೆ. ಗೊತ್ತಿರಲಿಲ್ಲ ಅಂದರೆ ನಡೆಯುವುದಿಲ್ಲ.

ಉತ್ತರ (ನರ್ಸರಿಯಲ್ಲಿ ಕೆಲಸ ಮಾಡುವವರು):
"ಗೂಡು ಕಂಡಿಲ್ಲ" ಅನ್ನುವ ಮಾತನ್ನು ನರ್ಸರಿಗೆ ಬರುವವರಿಂದ ದಿನಾ ಕೇಳುತ್ತೇನೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಮಳೆ ನಿಂತು ಬಿಸಿಲು ಬಂದ ದಿನ ರೆಕ್ಕೆಯ ರಾಣಿಗಳು ಹಾರುತ್ತವೆ. ಜೋಡಿಯಾದ ರಾಣಿ ನೆಲಕ್ಕಿಳಿದು ರೆಕ್ಕೆ ಕಳಚಿ, ತೇವವಿರುವ ಸಡಿಲ ಮಣ್ಣು ಹುಡುಕಿ ಒಳಗೆ ಸೇರುತ್ತದೆ. ನೀವು ದಿನಾ ನೀರು ಹಾಕುವ ಪಾಟ್ ಅದಕ್ಕೆ ಹೇಳಿ ಮಾಡಿಸಿದ ಜಾಗ. ಮೊದಲ ಕೆಲಸಗಾರ ಇರುವೆಗಳು ಹೊರಬರಲು ಹತ್ತಿರ ಹತ್ತಿರ ಒಂದು ತಿಂಗಳು ಬೇಕು. ಮೇಲೆ ಮಣ್ಣಿನ ದಿಬ್ಬ ಕಾಣಿಸಿಕೊಳ್ಳಲು ಇನ್ನೂ ಎಷ್ಟೋ ತಿಂಗಳು. ಅಷ್ಟೂ ಕಾಲ ಪಾಟ್ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಆ ಸ್ಥಿತಿಯಲ್ಲಿ ಅದು ಲಾರಿ ಹತ್ತಿದರೆ ಇಳಿಯುವುದು ರಾಕ್‌ಹ್ಯಾಂಪ್ಟನ್‌ನಲ್ಲಿ.

ರಾಣಿ ತನ್ನ ರೆಕ್ಕೆಯ ಬಲದಿಂದ ಸಾಮಾನ್ಯವಾಗಿ ಕೆಲವೇ ಕಿಲೋಮೀಟರ್ ಹೋಗಬಲ್ಲದು. ಬ್ರಿಸ್ಬೇನ್‌ನಲ್ಲಿ ಈ ಇರುವೆ ಪತ್ತೆಯಾದದ್ದು 2001ರಲ್ಲಿ. 2025ರಲ್ಲಿ ಮೊರಾನ್‌ಬಾ ಹತ್ತಿರದ ಗಣಿ ಪ್ರದೇಶದಲ್ಲಿ ಸಿಕ್ಕಿತು, ಅದು ಬ್ರಿಸ್ಬೇನ್‌ಗೆ ನೂರಾರು ಕಿಲೋಮೀಟರ್ ಉತ್ತರಕ್ಕೆ. ಅಷ್ಟು ದೂರ ಹಾರಿ ಹೋಗಿರಲು ಸಾಧ್ಯವಿಲ್ಲ. ನೀವು ಹೋಗುತ್ತಿರುವುದೂ ಅದೇ ದಿಕ್ಕಿಗೆ, ದಯವಿಟ್ಟು ಇದನ್ನು ಹಗುರವಾಗಿ ತಗೋಬೇಡಿ.

ನರ್ಸರಿಗಳಲ್ಲಿ ಪಾಟಿಂಗ್ ಮಿಕ್ಸ್‌ಗೇ ಬೈಫೆಂಥ್ರಿನ್ ಅನ್ನುವ ಕೀಟನಾಶಕದ ಹರಳು ಬೆರೆಸುವ ಪದ್ಧತಿ ಇದೆ, ದಾಖಲೆ ಇಡುತ್ತಾರೆ, ತಪಾಸಣೆ ನಡೆಯುತ್ತದೆ. ಮನೆಯ ಪಾಟ್‌ಗೆ ಅಂಗಡಿಯಿಂದ ಯಾವುದೋ ಇರುವೆ ಪುಡಿ ತಂದು ಉದುರಿಸಿದರೆ ಅದಕ್ಕೆ ಸಮ ಆಗುವುದಿಲ್ಲ. ಮೇಲಿನ ಇರುವೆ ಸಾಯುತ್ತದೆ, ರಾಣಿ ಕೆಳಗೆ ಹಾಗೇ ಇರುತ್ತದೆ.

ಉತ್ತರ (ಇಪ್ಸ್‌ವಿಚ್):
ನೋಡ್ರಿ, ನಮ್ಮ ಮನೀ ಹಿಂದ ಗೂಡು ಸಿಕ್ಕಿತ್ತು. ಅಂಜಬ್ಯಾಡ್ರಿ, ಆದ್ರ ಕೈ ಹಚ್ಚಬ್ಯಾಡ್ರಿ. ಮಣ್ಣು ಪುಡಿಪುಡಿ ಇತ್ತು, ಮ್ಯಾಲೆ ಒಂದು ತೂತೂ ಕಾಣ್ತಿರಲಿಲ್ಲ. ಉದ್ದನ ಕಟ್ಟಿಗೀಲೆ ಮುಟ್ಟಿದ ಕೂಡ್ಲೆ ಬುಳುಬುಳು ಅಂತ ಹೊರಗ ಬಂದ್ವು. ತಾಮ್ರದ ಬಣ್ಣ, ಹಿಂದಿನ ಭಾಗ ಕಪ್ಪು. 2 ಮಿ.ಮೀ.ದಿಂದ 6 ಮಿ.ಮೀ. ತನಕ ಸಣ್ಣು ದೊಡ್ಡು ಎಲ್ಲಾ ಒಂದ ಗೂಡಿನ್ಯಾಗ ಇದ್ವು, ಅದ ದೊಡ್ಡ ಗುರ್ತು.

ದೂರದಿಂದ ಫೋಟೊ ತಗದು ಫೈರ್ ಆಂಟ್ ಕಾರ್ಯಕ್ರಮದವರ ನಂಬರ್ 13 22 68ಕ್ಕ ತಿಳಿಸಿದ್ವಿ. ಸಂಶಯ ಬಂದ 24 ತಾಸಿನ್ಯಾಗ ತಿಳಿಸಬೇಕು ಅಂತ ಕಾಯ್ದೆನ ಐತಿ. ಅವರ ಬಂದು ಗೂಡಿಗೆ ಔಷಧ ಹಾಕಿದ್ರು, ರೊಕ್ಕ ಕೇಳಲಿಲ್ಲ. ಆಮ್ಯಾಲೆ ಹಿತ್ತಲ ತುಂಬ ಬೇಟ್ ಚೆಲ್ಲಿದ್ರು. ಔಷಧ ಬೆರೆಸಿದ ಸೋಯಾ ಎಣ್ಣಿಯೊಳಗ ನೆನಸಿದ ಮೆಕ್ಕೆಜೋಳದ ನುಚ್ಚು ಅದು. ಇರುವೆನ ಅದನ್ನ ಒಳಗ ಒಯ್ದು ರಾಣಿಗೆ ತಿನ್ನಸ್ತಾವ. ಅದಕ್ಕ ಕುದಿಯೋ ನೀರು, ಪೆಟ್ರೋಲ್ ಸುರಿಯೋ ಉಸಾಬರಿ ಬ್ಯಾಡ. ಗೂಡು ಕೆದರಿದ್ರ ರಾಣಿ ಬ್ಯಾರೆ ಕಡೆ ಹೊಕ್ಕಾವ.

ಸಣ್ಣ ಹುಡುಗರಿದ್ರ ಇನ್ನೂ ಕಾಳಜಿ ಮಾಡ್ರಿ. ಒಂದ ಸಲಕ್ಕ ಭಾಳ ಇರುವೆ ಕಡೀತಾವ, ಆಮ್ಯಾಲೆ ಕೀವಿನ ಗುಳ್ಳಿ ಏಳ್ತಾವ. ಉಸಿರಾಡಾಕ ತ್ರಾಸ ಆದ್ರ, ಮುಖ ಬಾತ್ರ ತಡಾ ಮಾಡದ ತುರ್ತು ನಂಬರ್ 000ಕ್ಕ ಫೋನ್ ಮಾಡ್ರಿ.

ಉತ್ತರ (ನ್ಯೂ ಸೌತ್ ವೇಲ್ಸ್‌ಗೆ ಹೋದವರು):
ಇದನ್ನು ಓದುತ್ತಿರುವ ಬೇರೆಯವರು ಗಡಿ ದಾಟುವುದಿದ್ದರೆ ಇನ್ನೂ ಬಿಗಿ. 2023ರ ನವೆಂಬರ್‌ನಲ್ಲಿ ಸೌತ್ ಮರ್ವಿಲಂಬಾದಲ್ಲಿ, 2024ರ ಜನವರಿಯಲ್ಲಿ ವಾರ್ಡೆಲ್‌ನಲ್ಲಿ ಗೂಡು ಸಿಕ್ಕ ಮೇಲೆ ಅಲ್ಲಿನ ಸರ್ಕಾರ ತುರ್ತು ಆದೇಶಗಳನ್ನು ಹೊರಡಿಸಿತು. ಇಂಥ ವಸ್ತು ಒಯ್ಯಲು ಪ್ರಮಾಣಪತ್ರ, ಸಾಗಣೆ ದಾಖಲೆ ಕೇಳುತ್ತಾರೆ. ಉಲ್ಲಂಘಿಸಿದ ವ್ಯಕ್ತಿಗೆ ದಂಡ 11 ಲಕ್ಷ ಡಾಲರ್‌ವರೆಗೂ ಹೋಗಬಹುದು. ನಾವು ಒಂದು ಪಾಟನ್ನೂ ತರಲಿಲ್ಲ. ಇಲ್ಲಿಗೆ ಬಂದು ಹೊಸ ಗಿಡ ಕೊಂಡೆವು.

ಉತ್ತರ (ಗೋಲ್ಡ್ ಕೋಸ್ಟ್):
ಕರಿಬೇವಿನ ಬಗ್ಗೆ ಹೇಳುತ್ತೇನೆ. ಇಷ್ಟು ದೊಡ್ಡ ಗಿಡದ ಬೇರಿನ ಮಣ್ಣೆಲ್ಲ ತೊಳೆದು ಒಯ್ದರೆ ಬದುಕುವುದು ಕಷ್ಟ. ಬುಡದಲ್ಲಿ ಮರಿಗಿಡ ಎದ್ದಿದ್ದರೆ ಬೇರು ಪೂರ್ತಿ ತೊಳೆದು, ಒಂದು ಚೂರೂ ಮಣ್ಣಿಲ್ಲದಂತೆ ಒಯ್ಯಬಹುದೇ ಅಂತ ಮೇಲೆ ಹೇಳಿದ 13 22 68ಕ್ಕೆ ಫೋನ್ ಮಾಡಿ ಕೇಳಿ. ಕಪ್ಪಗೆ ಹಣ್ಣಾದ ಬೀಜವೂ ಆಗುತ್ತದೆ. ತಿರುಳು ತೆಗೆದು ಬೇಗ ಬಿತ್ತಬೇಕು, ಒಣಗಿಸಿ ಇಟ್ಟರೆ ಮೊಳೆಯುವುದಿಲ್ಲ. ಕರಿಬೇವು ನಿಂಬೆಯ ಕುಟುಂಬಕ್ಕೆ ಸೇರಿದ್ದರಿಂದ ಸಸ್ಯರೋಗದ ನಿಯಮ ಬೇರೆ ಇದೆಯಾ ಅಂತಲೂ ಅದೇ ಫೋನಿನಲ್ಲಿ ಕೇಳಿಬಿಡಿ. ಮಲ್ಲಿಗೆಗೆ ಇಷ್ಟೆಲ್ಲ ಬೇಡ, ಕಡ್ಡಿ ಕತ್ತರಿಸಿ ಒದ್ದೆ ಕಾಗದದಲ್ಲಿ ಸುತ್ತಿದರೆ ಸಾಕು. ದೊಡ್ಡ ಪಾಟ್‌ಗಳನ್ನು ಪಕ್ಕದ ಮನೆಯವರಿಗೆ ಕೊಡಿ. ಕೊಡುವ ಮುಂಚೆ ಪಾಟ್ ಎತ್ತಿ ಅಡಿಭಾಗದ ತೂತುಗಳನ್ನು ನೋಡಿ. ಇರುವೆ ಕಂಡರೆ ಅಲ್ಲೇ ಇಟ್ಟು ಫೋನ್ ಮಾಡಿ.

ಕೇಳಿದವರು:
ಎಲ್ಲರಿಗೂ ವಂದನೆಗಳು. ಮಲ್ಲಿಗೆ ಕಡ್ಡಿ, ಕರಿಬೇವಿನ ಬೀಜ ಅಂತ ತೀರ್ಮಾನ ಮಾಡಿದೆವು. ಕಾಂಪೋಸ್ಟ್ ಮತ್ತು ಮಲ್ಚ್ ಏನು ಮಾಡಲಿ? ಕಸದ ಕೇಂದ್ರಕ್ಕೆ ಹಾಕಬಹುದಾ?

ಉತ್ತರ (ಬ್ರಿಸ್ಬೇನ್):
ಅದನ್ನೆಲ್ಲ ಈಗಿರುವ ಹಿತ್ತಲಲ್ಲೇ ಹರಡಿಬಿಡಿ. ಮುಂದೆ ಬರುವವರ ಗಿಡಕ್ಕೆ ಆಗುತ್ತದೆ, ನಿಮಗೆ ಸಾಗಿಸುವ ಪ್ರಶ್ನೆಯೇ ಇಲ್ಲ. ಕೇಂದ್ರಕ್ಕೇ ಹಾಕುವುದಾದರೆ ನಿಮ್ಮ ವಲಯಕ್ಕೆ ಯಾವ ಕೇಂದ್ರ ಆಗುತ್ತದೆ ಅಂತ ಮೊದಲು ನೋಡಿ, ಮೇಲೆ ಟಾರ್ಪಾಲ್ ಹೊದಿಸಿ ನೇರವಾಗಿ ಒಯ್ಯಿರಿ.

ಒಂದು ಬಿಟ್ಟು ಹೋಯಿತು. ಗುದ್ದಲಿ, ಹುಲ್ಲು ಕತ್ತರಿಸುವ ಯಂತ್ರದ ಅಡಿಭಾಗ, ತೋಟದ ಬೂಟು, ಖಾಲಿ ಪಾಟ್‌ಗಳು, ಹೊರಗಿಟ್ಟ ಇಟ್ಟಿಗೆ ಇವಕ್ಕೆ ಅಂಟಿದ ಮಣ್ಣನ್ನು ಲಾರಿ ಬರುವ ಮುಂಚೆ ಇದೇ ಹಿತ್ತಲಲ್ಲಿ ಕೆರೆದು, ಬ್ರಷ್ ಹಾಕಿ ತೊಳೆಯಿರಿ. ತೊಳೆದದ್ದನ್ನು ಮತ್ತೆ ಹುಲ್ಲಿನ ಮೇಲೆ ಇಡದೆ ಸಿಮೆಂಟ್ ನೆಲದ ಮೇಲಿಡಿ.