ದತ್ತು ತಗೊಂಡ ಬೆಕ್ಕು ಮಂಚದಡಿಯಿಂದ ಹೊರಗೇ ಬರ್ತಿಲ್ಲ, ಹಾಸಿಗೆ ಮೇಲೆ ಉಚ್ಚೆ ಬೇರೆ. ಏನು ಮಾಡಲಿ?

ಹೊಸಮೀಸೆ (ಪ್ರಶ್ನೆ)

ಆಶ್ರಯಧಾಮದಿಂದ ಒಂದು ಹೆಣ್ಣುಬೆಕ್ಕನ್ನು ದತ್ತು ತಗೊಂಡು ವಾರ ಆಗ್ತಾ ಬಂತು. ವಯಸ್ಸು ಅಂದಾಜು 3 ವರ್ಷ, ತೂಕ 4 ಕೆ.ಜಿ., ಮರಿಯಾಗದ ಆಪರೇಷನ್ ಆಗಿದೆ, ಲಸಿಕೆ ಪುಸ್ತಕವೂ ಕೊಟ್ಟಿದ್ದಾರೆ. ಅವಳಿಗೇ ಅಂತ ಒಂದು ರೂಮು ಬಿಟ್ಟಿದ್ದೇವೆ. ಹಗಲೆಲ್ಲ ಮಂಚದ ಕೆಳಗೆ ಗೋಡೆಗೆ ಅಂಟಿಕೊಂಡು ಕೂತಿರ್ತಾಳೆ. ನಾವೆಲ್ಲ ಮಲಗಿದ ಮೇಲೆ ಬಂದು ತಿಂತಾಳೆ, ಬೆಳಿಗ್ಗೆ ನೋಡಿದ್ರೆ ಬಟ್ಟಲಲ್ಲಿ ಅರ್ಧ ಹಾಗೇ ಇರುತ್ತೆ. ಲಿಟರ್ ಬಾಕ್ಸ್ (ಉಚ್ಚೆ-ಕಕ್ಕಸಿಗೆ ಇಡೋ ಮರಳಿನ ಪೆಟ್ಟಿಗೆ) ಬಳಸ್ತಾಳೆ, ಆದರೆ ಎರಡು ಸಲ ಹಾಸಿಗೆ ಮೇಲೆ ಉಚ್ಚೆ ಮಾಡಿದ್ದಾಳೆ. ಮನೆಯಲ್ಲಿ ಮೊದಲಿಂದ ಇರೋ 5 ವರ್ಷದ ಗಂಡುಬೆಕ್ಕು, ಅವನಿಗೂ ಆಪರೇಷನ್ ಆಗಿದೆ, ಆ ರೂಮಿನ ಬಾಗಿಲ ಮುಂದೆ ಕೂತು ಗುರುಗುಟ್ತಾನೆ. ಇಬ್ಬರನ್ನೂ ಇನ್ನೂ ಮುಖಾಮುಖಿ ಬಿಟ್ಟಿಲ್ಲ.

ಎತ್ತಿ ಹೊರಗೆ ತಂದು ತೊಡೆ ಮೇಲೆ ಕೂರಿಸಿಕೊಂಡ್ರೆ ಬೇಗ ಹೊಂದಿಕೊಳ್ತಾಳೆ ಅಂತ ಕೆಲವರು, ಮುಟ್ಟಲೇಬೇಡಿ ಅಂತ ಕೆಲವರು. ಯಾವುದು ಸರಿ? ಹಾಸಿಗೆ ಮೇಲಿನ ಉಚ್ಚೆಗೆ ಏನು ಮಾಡೋದು? ಇಬ್ಬರನ್ನೂ ಯಾವಾಗ ಭೇಟಿ ಮಾಡಿಸಬಹುದು?

ರಟ್ಟಿನಡಬ್ಬ (ಉತ್ತರ)

ಎತ್ತಿ ತರಬೇಡಿ. ಅಡಗಿ ಕೂರುವುದು ಬೆಕ್ಕು ತನ್ನ ಹೆದರಿಕೆಯನ್ನು ತಾನೇ ಇಳಿಸಿಕೊಳ್ಳುವ ದಾರಿ. ಅಲ್ಲಿಂದ ಎಳೆದು ತೆಗೆದರೆ ಹೆದರಿಕೆ ಹೋಗುವುದಿಲ್ಲ, ನಿಮ್ಮ ಕೈ ಕಂಡರೆ ಓಡಬೇಕು ಎಂಬ ಪಾಠ ಮಾತ್ರ ಕಲಿಯುತ್ತದೆ. ದೊಡ್ಡ ಬೆಕ್ಕಿಗೆ ವಾರಗಟ್ಟಲೆ ಹೀಗೆ ಇರುವುದು ಸಾಮಾನ್ಯ.

ಹಾಗಂತ ಮಂಚದಡಿ ಒಳ್ಳೆಯ ಅಡಗುತಾಣವೂ ಅಲ್ಲ. ಅದು ತಿಂದಿತೋ, ಉಸಿರಾಟ ಸರಿಯಿದೆಯೋ, ಏನೂ ಕಾಣಿಸುವುದಿಲ್ಲ. ವೆಟ್ (ಪಶುವೈದ್ಯರ) ಹತ್ತಿರ ಒಯ್ಯಬೇಕಾದಾಗ ಪೊರಕೆ ಹಿಡಿದು ಓಡಿಸುವ ಪರಿಸ್ಥಿತಿ ಬರುತ್ತದೆ. ಬೇರೆ ಜಾಗ ಕೊಟ್ಟು, ಆಮೇಲೆ ಇದನ್ನು ಮುಚ್ಚಿ. ಒಂದು ಗಟ್ಟಿ ರಟ್ಟಿನ ಡಬ್ಬ ತಗೊಳ್ಳಿ, ಸುಮಾರು 40 ಸೆಂ.ಮೀ. ಉದ್ದ, 30 ಅಗಲ, 30 ಎತ್ತರ. ಎದುರುಬದುರು ಎರಡು ಬದಿಯಲ್ಲಿ 18-20 ಸೆಂ.ಮೀ. ತೂತು ಕೊಯ್ಯಿರಿ. ಒಂದೇ ತೂತಿದ್ದರೆ ಸಿಕ್ಕಿಬಿದ್ದ ಹಾಗಾಗುತ್ತದೆ ಎಂದು ಕೆಲವು ಬೆಕ್ಕುಗಳು ಒಳಗೆ ಹೋಗುವುದೇ ಇಲ್ಲ. ಒಳಗೆ ನೀವು ಒಂದು ದಿನ ಹಾಕಿಕೊಂಡ, ಒಗೆಯದ ಟೀ-ಶರ್ಟ್ ಹಾಸಿ. ಬೆಕ್ಕನ್ನು ಒಯ್ಯುವ ಪೆಟ್ಟಿಗೆಯ (ಕ್ಯಾರಿಯರ್) ಬಾಗಿಲು ಕಳಚಿ ಅದನ್ನೂ ರೂಮಿನಲ್ಲೇ ಇಡಿ, ತಿಂಡಿಯ ಒಂದೆರಡು ಕಾಳು ಒಳಗೆ ಹಾಕುತ್ತಿರಿ. ಮೊದಲ ದಿನ ಡಬ್ಬವನ್ನು ಮಂಚದ ಪಕ್ಕಕ್ಕೆ ತಾಗಿಸಿಡಿ. ಅವಳು ಬಳಸುವುದಕ್ಕೆ ಶುರು ಮಾಡಿದ ಮೇಲೆ, ಅವಳು ಹೊರಗಿದ್ದಾಗ, ಮಂಚದಡಿಗೆ ಸೂಟ್‌ಕೇಸೋ ದಿಂಬೋ ತುರುಕಿ ಜಾಗ ಮುಚ್ಚಿ. ಅವಳು ಒಳಗಿರುವಾಗ ಮಾತ್ರ ಎಂದೂ ಮುಚ್ಚಬೇಡಿ.

ಇನ್ನು ನೀವು. ದಿನಕ್ಕೆ ಮೂರು-ನಾಲ್ಕು ಸಲ, 15-20 ನಿಮಿಷ, ನೆಲದ ಮೇಲೆ ಅವಳಿಗೆ ಪಕ್ಕ ತೋರಿಸಿ ಕೂರಿ. ಎದುರಿಗೆ ಕೂತು ದಿಟ್ಟಿಸಿದರೆ ಬೆಕ್ಕಿಗೆ ಅದು ಬೆದರಿಕೆ. ಪುಸ್ತಕ ಹಿಡಿದು ಮೆಲ್ಲಗೆ ಓದಿ, ದನಿ ಪರಿಚಯವಾಗುತ್ತದೆ. ಕಣ್ಣು ಕೂಡಿದರೆ ನಿಧಾನಕ್ಕೆ ಅರೆಮುಚ್ಚಿ ತೆರೆಯಿರಿ. ಅವಳೂ ಹಾಗೇ ಮಾಡಿದರೆ ದೊಡ್ಡ ಒಪ್ಪಿಗೆ ಸಿಕ್ಕಿದಂತೆ. ಹತ್ತಿರ ಬಂದಾಗ ಒಂದು ಬೆರಳನ್ನು ಅವಳ ಮೂಗಿನ ಮಟ್ಟಕ್ಕೆ ಹಿಡಿದು ಸುಮ್ಮನಿರಿ. ಮೂಸಿ ಕೆನ್ನೆ ಒರೆಸಿದರೆ ಕೆನ್ನೆಯನ್ನೋ ಗಲ್ಲವನ್ನೋ ಮೂರು ಸೆಕೆಂಡು ಕೆರೆದು ಕೈ ತೆಗೆಯಿರಿ. ಇನ್ನೂ ಬೇಕಿದ್ದರೆ ತಾನೇ ತಲೆ ತಳ್ಳುತ್ತಾಳೆ. ಕಿವಿ ಪಕ್ಕಕ್ಕೆ ತಿರುಗಿತು, ಬೆನ್ನಿನ ಚರ್ಮ ಅದುರಿತು, ಬಾಲದ ತುದಿ ಪಟಪಟ ಎಂದಿತು ಅಂದರೆ ಸಾಕು ಎಂದರ್ಥ. ಮೊದಲ ವಾರಗಳಲ್ಲಿ ಹೊಟ್ಟೆ, ಬಾಲದ ಬುಡ ಮುಟ್ಟುವ ಮಾತೇ ಬೇಡ.

ಊಟದ ಬಗ್ಗೆ: "ಅರ್ಧ ಉಳಿದಿದೆ" ಅಂದರೆ ಏನೂ ತಿಳಿಯುವುದಿಲ್ಲ, ಅಡುಗೆಮನೆಯ ತಕ್ಕಡಿಯಲ್ಲಿ ಗ್ರಾಂ ಲೆಕ್ಕ ಹಾಕಿ. ಆಪರೇಷನ್ ಆದ, ಮನೆಯೊಳಗೇ ಇರುವ 4 ಕೆ.ಜಿ. ಬೆಕ್ಕಿಗೆ ದಿನಕ್ಕೆ ಸುಮಾರು 200 ಕ್ಯಾಲರಿ ಬೇಕು. ಒಣ ಆಹಾರದಲ್ಲಿ ಅದು 50-60 ಗ್ರಾಂ ಆಗುತ್ತದೆ, ಪೊಟ್ಟಣದ ಮೇಲೆ ನೋಡಿಕೊಳ್ಳಿ. ನೀವು 100 ಗ್ರಾಂ ಸುರಿದು ಅರ್ಧ ಉಳಿದಿದ್ದರೆ ಅವಳು ಹೊಟ್ಟೆ ತುಂಬಾ ತಿಂದಿದ್ದಾಳೆ! ಆಶ್ರಯಧಾಮದಲ್ಲಿ ಏನು ಕೊಡುತ್ತಿದ್ದರು ಎಂದು ಕೇಳಿ ಸದ್ಯಕ್ಕೆ ಅದನ್ನೇ ಕೊಡಿ. ಬದಲಿಸಬೇಕಿದ್ದರೆ ಹೊಸದನ್ನು ಕಾಲು ಭಾಗದಿಂದ ಶುರುಮಾಡಿ 7-10 ದಿನದಲ್ಲಿ ಪೂರ್ತಿ ಮಾಡಿ, ಇಲ್ಲದಿದ್ದರೆ ಭೇದಿ ಹತ್ತಿಕೊಳ್ಳುತ್ತದೆ. ಒಣಗಿಸದ, ತೇವದ ಸಿದ್ಧ ಆಹಾರವಾದರೆ ಮೈಬಿಸಿಯಷ್ಟು ಬೆಚ್ಚಗೆ ಮಾಡಿ ಕೊಡಿ, ವಾಸನೆ ಎದ್ದು ಹಸಿವು ಕೆರಳುತ್ತದೆ.

24 ಗಂಟೆ ಒಂದು ಕಾಳೂ ಮುಟ್ಟದಿದ್ದರೆ ವೆಟ್‌ಗೆ ಫೋನ್ ಮಾಡಿ. ಉಪವಾಸ ಬಿದ್ದ ಬೆಕ್ಕಿನ ಮೈಕೊಬ್ಬು ಯಕೃತ್ತಿಗೆ ಹೋಗಿ ತುಂಬಿಕೊಳ್ಳುತ್ತದೆ, ಕೆಲವೇ ದಿನದಲ್ಲಿ ಜೀವಕ್ಕೆ ಕುತ್ತು ಬರುತ್ತದೆ. ದಪ್ಪಗಿರುವ ಬೆಕ್ಕಿಗೆ ಈ ಅಪಾಯ ಹೆಚ್ಚು. "ಹಸಿವಾದಾಗ ತಾನೇ ತಿನ್ನುತ್ತೆ" ಎಂಬ ಮಾತನ್ನು ಬೆಕ್ಕಿನ ವಿಷಯದಲ್ಲಿ ನಂಬಲೇಬೇಡಿ.

ಮರಳುಪೆಟ್ಟಿಗೆ (ಉತ್ತರ)

ಉಚ್ಚೆಯ ವಿಷಯ ನಾನು ಹೇಳುತ್ತೇನೆ. ಮೊದಲು ಮೂತ್ರ ಪರೀಕ್ಷೆ ಮಾಡಿಸಿ, ಉಳಿದದ್ದೆಲ್ಲ ಆಮೇಲೆ. ಈ ವಯಸ್ಸಿನ ಬೆಕ್ಕುಗಳಲ್ಲಿ ಬ್ಯಾಕ್ಟೀರಿಯಾ ಸೋಂಕಿಗಿಂತ, ಮನಸ್ಸಿನ ಒತ್ತಡದಿಂದ ಕೆರಳುವ ಮೂತ್ರಕೋಶದ ಉರಿಯೂತವೇ ಹೆಚ್ಚು. ಉಚ್ಚೆ ಮಾಡುವಾಗ ಉರಿದರೆ ಬೆಕ್ಕು ಆ ನೋವನ್ನು ಬಾಕ್ಸಿಗೆ ಅಂಟಿಸಿ ನೆನಪಿಟ್ಟುಕೊಳ್ಳುತ್ತದೆ. ಮೆತ್ತಗಿನ ಹಾಸಿಗೆ ಹುಡುಕುವುದು ಹೀಗೆ ಶುರುವಾಗುತ್ತದೆ. ಪದೇ ಪದೇ ಹೋಗಿ ಕೂರುವುದು, ಪ್ರತಿಸಲ ಒಂದೆರಡು ಹನಿ, ಕೆಂಪು ಬಣ್ಣ, ಅಲ್ಲೇ ನೆಕ್ಕುತ್ತಿರುವುದು, ಇವನ್ನು ಗಮನಿಸಿ. ಬಾಕ್ಸಿನಲ್ಲಿ ಕಟ್ಟುವ ಮರಳಿನ ಉಂಡೆಗಳೇ ನಿಮಗೆ ಅಳತೆ: ದಿನಕ್ಕೆ ಎರಡು-ಮೂರು ದೊಡ್ಡ ಉಂಡೆ ಇದ್ದರೆ ಸರಿ, ಗೋಲಿ ಗಾತ್ರದವು ಹತ್ತಾರು ಇದ್ದರೆ ತೊಂದರೆ.

ನಿಮ್ಮ ಗಂಡುಬೆಕ್ಕಿನ ಮೇಲೂ ಕಣ್ಣಿಡಿ. ಮನೆಗೆ ಹೊಸಬರು ಬಂದ ಒತ್ತಡ ಅವನಿಗೂ ಇದೆ, ಮತ್ತು ಗಂಡಿನ ಮೂತ್ರನಾಳ ತೀರಾ ಸಣ್ಣದು. ಬಾಕ್ಸಿನಲ್ಲಿ ಕೂತು ತಿಣುಕುತ್ತಾ, ಕೂಗುತ್ತಾ, ಹನಿಯೂ ಬರದಿದ್ದರೆ ನಾಳ ಕಟ್ಟಿಕೊಂಡಿರಬಹುದು, ಬೆಳಗಾಗಲಿ ಎಂದು ಕಾಯದೆ ಆಗಲೇ ವೆಟ್ ಹತ್ತಿರ ಒಯ್ಯಿರಿ. ಬಿಟ್ಟರೆ ಒಂದೆರಡು ದಿನದಲ್ಲಿ ಬೆಕ್ಕು ಸಾಯಬಹುದು. ಇದನ್ನು ಎಷ್ಟೋ ಜನ ಮಲಬದ್ಧತೆ ಅಂದುಕೊಂಡು ಹೊತ್ತು ಕಳೆಯುತ್ತಾರೆ.

ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ ಅಂದರೆ ಬಾಕ್ಸನ್ನೇ ಅನುಮಾನಿಸಿ. ಮೂಗಿನಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆಪಟ್ಟು ಇರಬೇಕು, ಸಾಧಾರಣ ಬೆಕ್ಕಿಗೆ 65-70 ಸೆಂ.ಮೀ. "ಬೆಕ್ಕಿನ ಬಾಕ್ಸ್" ಎಂದು ಮಾರುವ ಬಹುಪಾಲು ಪೆಟ್ಟಿಗೆಗಳು ಇದಕ್ಕಿಂತ ಚಿಕ್ಕವು. ಬಟ್ಟೆ ತುಂಬಿಡುವ ಅಗಲವಾದ ಪ್ಲಾಸ್ಟಿಕ್ ಪೆಟ್ಟಿಗೆಯ ಒಂದು ಬದಿಯನ್ನು 12-15 ಸೆಂ.ಮೀ. ಎತ್ತರಕ್ಕೆ ಕತ್ತರಿಸಿ, ಅಂಚನ್ನು ಉಜ್ಜಿ ನುಣುಪು ಮಾಡಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಮುಚ್ಚಳ ಬೇಡ. ಸುವಾಸನೆ ಹಾಕಿದ ಮರಳು ಬೇಡ, ಆ ಪರಿಮಳ ನಮಗೆ ಹಿತ, ಬೆಕ್ಕಿನ ಮೂಗಿಗೆ ಹಿಂಸೆ. ಸಣ್ಣ ಕಣದ, ಉಂಡೆ ಕಟ್ಟುವ ಮರಳು 5-7 ಸೆಂ.ಮೀ. ಆಳ. ದಿನಕ್ಕೆರಡು ಸಲ ತೆಗೆಯಿರಿ. ಊಟದ ಬಟ್ಟಲಿನಿಂದ ಆದಷ್ಟು ದೂರ, ಸದ್ದು ಮಾಡುವ ಯಂತ್ರಗಳ ಪಕ್ಕದಲ್ಲಂತೂ ಅಲ್ಲವೇ ಅಲ್ಲ.

ಹಾಸಿಗೆಗೆ: ಒಣಬಟ್ಟೆಯಿಂದ ಒತ್ತಿ ಹೀರಿಸಿ, ತಣ್ಣೀರು ಹಾಕಿ ಮತ್ತೆ ಹೀರಿಸಿ, ಕಿಣ್ವ (ಎನ್‌ಜೈಮ್) ಇರುವ ಕ್ಲೀನರನ್ನು ಉಚ್ಚೆ ಇಳಿದಷ್ಟೇ ಆಳಕ್ಕೆ ಇಳಿಯುವಂತೆ ಸುರಿದು ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಬಿಡಿ. ಜನ ಮೇಲೆಮೇಲೆ ಒರೆಸಿಬಿಡುತ್ತಾರೆ, ಒಳಗಿನ ವಾಸನೆ ಉಳಿದು ಬೆಕ್ಕು ಅಲ್ಲಿಗೇ ಮರಳುತ್ತದೆ. ಅಮೋನಿಯಾ ಇರುವ ಕ್ಲೀನರ್ ಉಚ್ಚೆಯ ಹಾಗೇ ನಾರುತ್ತದೆ. ಬ್ಲೀಚ್ ಉಚ್ಚೆಗೆ ಸೇರಿದರೆ ಉಸಿರು ಕಟ್ಟಿಸುವ ಅನಿಲ ಏಳುತ್ತದೆ. ಸದ್ಯಕ್ಕೆ ಹಾಸಿಗೆಗೆ ನೀರು ಇಳಿಯದ ಹೊದಿಕೆ ಹಾಕಿ. ಬೈಯುವುದು, ಮೂಗನ್ನು ಅದಕ್ಕೆ ಉಜ್ಜುವುದು ಕ್ರೌರ್ಯ, ಅದರಿಂದ ಒತ್ತಡ ಹೆಚ್ಚಿ ಉರಿಯೂತವೂ ಹೆಚ್ಚುತ್ತದೆ.

ಹೊಸಮೀಸೆ

ತುಂಬಾ ಉಪಕಾರ ಆಯ್ತು. ಅಳೆದು ನೋಡಿದೆ: ಬಾಕ್ಸ್ 40 ಸೆಂ.ಮೀ., ಮುಚ್ಚಳ ಇರೋದು, ವಾಷಿಂಗ್ ಮಷೀನ್ ಪಕ್ಕದ ಮೂಲೆ. ಇವತ್ತೇ ದೊಡ್ಡ ಪೆಟ್ಟಿಗೆ ತರ್ತೀನಿ. ಮೂತ್ರದ ಸ್ಯಾಂಪಲ್ ಹಿಡಿಯೋದು ಹೇಗೆ? ಮತ್ತೆ ಪೆಟ್ಟಿಗೆಯನ್ನ ಕೊನೆಗೆ ಬಾತ್‌ರೂಮಿಗೆ ಹಾಕ್ಬೇಕು ಅಂತ ಇದೆ, ಆಗುತ್ತಾ?

ಮರಳುಪೆಟ್ಟಿಗೆ

ಬಾಕ್ಸನ್ನು ತೊಳೆದು ಒಣಗಿಸಿ, ಮರಳಿನ ಬದಲು ನೀರು ಹೀರದ ಪ್ಲಾಸ್ಟಿಕ್ ಮಣಿಗಳನ್ನು ತೆಳ್ಳಗೆ ಹರಡಿ. ವೆಟ್ ಹತ್ತಿರವೇ ಸಿಗುತ್ತವೆ, ತೊಳೆದು ಒಣಗಿಸಿದ ಮೀನುತೊಟ್ಟಿಯ ಕಲ್ಲೂ ಆಗುತ್ತದೆ. ಉಚ್ಚೆ ಮಾಡಿದ ಕೂಡಲೇ ಬಾಕ್ಸನ್ನು ಓರೆ ಮಾಡಿ ಸೂಜಿ ಇಲ್ಲದ ಸಿರಿಂಜಿನಲ್ಲಿ 3-5 ಮಿ.ಲೀ. ಎಳೆದುಕೊಳ್ಳಿ. ಬೇಗ ತಲುಪಿಸಿ, ತಡವಾದರೆ ಫ್ರಿಜ್‌ನಲ್ಲಿಡಿ. ಹೊರಗೆ ಬಿಟ್ಟರೆ ಬ್ಯಾಕ್ಟೀರಿಯಾ ಬೆಳೆದು ವರದಿ ತಪ್ಪಾಗುತ್ತದೆ. ಸಿಗಲೇ ಇಲ್ಲವೆಂದರೆ ವೆಟ್ ಸೂಜಿ ಹಾಕಿ ಮೂತ್ರಕೋಶದಿಂದಲೇ ನೇರವಾಗಿ ತೆಗೆಯುತ್ತಾರೆ, ಸೋಂಕು ನೋಡುವುದಕ್ಕೆ ಅದೇ ಇನ್ನೂ ಒಳ್ಳೆಯದು. ಬಾತ್‌ರೂಮಿನ ಮಾತು ಈಗ ಎತ್ತಬೇಡಿ, ಕೆಳಗೆ ಹೇಳುತ್ತೇನೆ.

ಜಾಲರಿಬಾಗಿಲು (ಉತ್ತರ)

ಇಬ್ಬರ ಭೇಟಿ ಬಗ್ಗೆ. ಮೊದಲ 2 ವಾರ ಹೇಗೂ ಬೇರೆ ಇಡಲೇಬೇಕು, ಆರೋಗ್ಯದ ಕಾರಣಕ್ಕೆ. ಆಶ್ರಯಧಾಮದಿಂದ ಬಂದ ಬೆಕ್ಕುಗಳಿಗೆ ಹರ್ಪಿಸ್ ಅಥವಾ ಕ್ಯಾಲಿಸಿ ವೈರಸ್ಸಿನ ನೆಗಡಿ, ಚರ್ಮದ ಹುಳುಕಡ್ಡಿ, ಕಿವಿನುಸಿ, ಹೊಟ್ಟೆಹುಳು ಸಾಮಾನ್ಯ. ಹರ್ಪಿಸ್ ಮೈಯಲ್ಲಿ ಅಡಗಿದ್ದು ಜಾಗ ಬದಲಾದ ಒತ್ತಡಕ್ಕೆ ಸುಮಾರು ವಾರದ ಮೇಲೆ ಸೀನಿನ ರೂಪದಲ್ಲಿ ಹೊರಬರುತ್ತದೆ. ಎಫ್‌ಐವಿ (ಬೆಕ್ಕಿನ ರೋಗನಿರೋಧಕ ಶಕ್ತಿ ಕುಂದಿಸುವ ವೈರಸ್), ಎಫ್‌ಇಎಲ್‌ವಿ (ಬೆಕ್ಕಿನ ರಕ್ತಕ್ಯಾನ್ಸರ್ ವೈರಸ್) ರಕ್ತಪರೀಕ್ಷೆ ಆಗಿದೆಯೇ ನೋಡಿ, ಆಗಿಲ್ಲದಿದ್ದರೆ ಭೇಟಿಗೆ ಮುಂಚೆ ಮಾಡಿಸಿ. ಅವಳ ರೂಮಿನಿಂದ ಬಂದು ಕೈ ತೊಳೆಯದೆ ಅವನನ್ನು ಮುಟ್ಟಬೇಡಿ.

ಈ ಎರಡು ವಾರ ವ್ಯರ್ಥವಲ್ಲ. ಬೆಕ್ಕುಗಳ ಪರಿಚಯ ಮೊದಲು ಮೂಗಿನಿಂದ. ಅವಳ ನೆಗಡಿ, ಹುಳುಕಡ್ಡಿ ಇಲ್ಲವೆಂದು ಖಾತ್ರಿಯಾದ ಮೇಲೆ ಶುಭ್ರವಾದ ಬಟ್ಟೆಯಿಂದ ಒಬ್ಬರ ಕೆನ್ನೆ ಒರೆಸಿ ಇನ್ನೊಬ್ಬರ ಬಟ್ಟಲಿನಿಂದ ಒಂದು ಮೀಟರ್ ಆಚೆ ಇಡಿ. ಬುಸುಗುಟ್ಟಿದರೆ ಇನ್ನೂ ದೂರ ಸರಿಸಿ, ಲಕ್ಷ್ಯ ಕೊಡದೆ ತಿಂದರೆ ದಿನಾ ಸ್ವಲ್ಪ ಹತ್ತಿರ ತನ್ನಿ. ಜೊತೆಗೇ, ಮುಚ್ಚಿದ ಬಾಗಿಲ ಎರಡೂ ಬದಿ ಇಬ್ಬರಿಗೂ ಒಂದೇ ಹೊತ್ತಿಗೆ ಊಟ. ಬಟ್ಟಲುಗಳನ್ನು ಎರಡು ಮೀಟರ್ ದೂರದಿಂದ ಶುರುಮಾಡಿ ಊಟಕ್ಕೆ 15-20 ಸೆಂ.ಮೀ.ನಂತೆ ಬಾಗಿಲ ಕಡೆ ಸರಿಸಿ. ಒಬ್ಬರು ತಿನ್ನುವುದು ನಿಲ್ಲಿಸಿದರೆ ಹಿಂದಿನ ಊಟದ ಜಾಗಕ್ಕೆ ವಾಪಸ್. ಆಮೇಲೆ ಇಬ್ಬರ ಜಾಗ ಅದಲುಬದಲು: ಅವನು ಅವಳ ರೂಮಿನಲ್ಲಿ ಅರ್ಧಗಂಟೆ, ಅವಳು ಮನೆಯಲ್ಲಿ.

ನೋಟದ ಭೇಟಿಗೆ ಜಾಲರಿ ಅಥವಾ ಮಕ್ಕಳಿಗೆ ಹಾಕುವ ಗೇಟು, ಅದಕ್ಕೆ ಮೊದಲು ಅರ್ಧದವರೆಗೆ ಬಟ್ಟೆ ಮುಚ್ಚಿ. ಮೊದಲ ಸಲ ಒಂದೆರಡು ನಿಮಿಷ ಸಾಕು, ಚೆನ್ನಾಗಿ ನಡೆಯುತ್ತಿರುವಾಗಲೇ ಮುಗಿಸಿ. ಒಂದೆರಡು ಸಲ ಬುಸ್ ಎಂದರೆ ಚಿಂತೆಯಿಲ್ಲ, ಅದು "ದೂರ ಇರು" ಎನ್ನುವ ಮಾತು ಅಷ್ಟೆ. ಕಣ್ಣು ಮಿಟುಕಿಸದ ನೋಟ, ಮೈ ಕಂಬದಂತೆ ಸೆಟೆದಿರುವುದು, ಗಂಟಲಾಳದ ಉದ್ದ ಗುರುಗುಡುವಿಕೆ, ಇವು ಜಗಳದ ಮುನ್ಸೂಚನೆ. ಆಗ ನಡುವೆ ದೊಡ್ಡ ರಟ್ಟಿನ ಹಾಳೆ ಇಳಿಸಿ ನೋಟ ತಪ್ಪಿಸಿ, ಕೈ ಹಾಕಬೇಡಿ. ಬೆಕ್ಕಿನ ಹಲ್ಲಿನ ಗಾಯ ಆಳವಾಗಿದ್ದು ಬೇಗ ಕೀವು ಕಟ್ಟುತ್ತದೆ. ನಿಜವಾದ ಕಾದಾಟ ನಡೆದೇಬಿಟ್ಟರೆ ಕೆಲವು ದಿನ ಪೂರ್ತಿ ಬೇರೆ ಮಾಡಿ ವಾಸನೆಯ ಹಂತದಿಂದ ಮತ್ತೆ ಬನ್ನಿ. "ಅವೇ ಬಗೆಹರಿಸಿಕೊಳ್ಳಲಿ" ಎಂದು ಬಿಟ್ಟ ಮನೆಗಳಲ್ಲಿ ದ್ವೇಷ ವರ್ಷಗಟ್ಟಲೆ ಉಳಿಯುತ್ತದೆ.

ಎರಡು ಬೆಕ್ಕಿಗೆ ಮೂರು ಬಾಕ್ಸ್, ಬೇರೆ ಬೇರೆ ಕಡೆ. ಸಾಲಾಗಿ ಇಟ್ಟ ಮೂರು ಬಾಕ್ಸನ್ನು ಬೆಕ್ಕು ಒಂದೇ ಎಂದು ಲೆಕ್ಕ ಹಾಕುತ್ತದೆ, ಬಾಗಿಲಲ್ಲಿ ಅವನು ಕೂತರೆ ಮೂರಕ್ಕೂ ದಾರಿ ಬಂದ್.

ರಟ್ಟಿನಡಬ್ಬ

ರೂಮಿನ ಬಾಗಿಲು ತೆರೆಯುವ ಮುಂಚೆ ಮನೆಯನ್ನೊಮ್ಮೆ ನೋಡಿಕೊಳ್ಳಿ. ಲಿಲ್ಲಿ ಹೂವು ಇದ್ದರೆ ಇವತ್ತೇ ಹೊರಗೆ ಹಾಕಿ, ಅದರ ಪರಾಗ ನೆಕ್ಕಿದರೂ ಮೂತ್ರಪಿಂಡ ಹೋಗುತ್ತದೆ. ನಾಯಿಗೆ ಹಾಕುವ ಪರ್ಮೆಥ್ರಿನ್ ಇರುವ ಚಿಗಟದ ಔಷಧ ಬೆಕ್ಕಿಗೆ ವಿಷ, ಪ್ಯಾರಾಸಿಟಮಾಲ್ ಒಂದು ಮಾತ್ರೆಯೂ ಕೊಲ್ಲುತ್ತದೆ. ಕಿಟಕಿಗಳಿಗೆ ಗಟ್ಟಿ ಜಾಲರಿ ಬೇಕು, ಸೊಳ್ಳೆಪರದೆ ಬೆಕ್ಕಿನ ಭಾರ ತಡೆಯುವುದಿಲ್ಲ. ಪರಚುವ ಕಂಬ 80-90 ಸೆಂ.ಮೀ. ಎತ್ತರ, ಅಲುಗಬಾರದು. ಒಂದು ಸಲ ಅಲ್ಲಾಡಿದರೆ ಸೋಫಾವೇ ವಾಸಿ ಎಂದು ಅತ್ತ ಹೋಗುತ್ತಾಳೆ. ಫೆರೊಮೋನ್ ಡಿಫ್ಯೂಸರ್ (ಬೆಕ್ಕನ್ನು ಸಮಾಧಾನಪಡಿಸುವ ವಾಸನೆಯನ್ನು ರೂಮಿಗೆ ಹರಡುವ ಸಾಧನ) ಕೆಲವು ಬೆಕ್ಕುಗಳಿಗೆ ಅನುಕೂಲ, ಕೆಲವಕ್ಕೆ ಏನೂ ಇಲ್ಲ. ಮೇಲೆ ಹೇಳಿದ್ದನ್ನೆಲ್ಲ ಮಾಡಿದ ಮೇಲೆ ಬೇಕಿದ್ದರೆ ನೋಡಿ.

ಮರಳುಪೆಟ್ಟಿಗೆ

ಬಾತ್‌ರೂಮಿನ ಮಾತಿಗೆ ಬರುತ್ತೇನೆ. ಹಾಸಿಗೆ ಮೇಲೆ ಉಚ್ಚೆ ನಿಂತು, ಒಂದು ತಿಂಗಳು ತಪ್ಪದೆ ಬಾಕ್ಸ್ ಬಳಸಿದ ಮೇಲೆ ಸರಿಸಬಹುದು. ಮೊದಲು ಬಾತ್‌ರೂಮಿನಲ್ಲಿ ಇನ್ನೊಂದು ಬಾಕ್ಸ್ ಇಡಿ, ಹಳೆಯ ಬಾಕ್ಸಿನಿಂದ ಒಂದು ಹಿಡಿ ಬಳಸಿದ ಮರಳು ಅದಕ್ಕೆ ಹಾಕಿ. ಎರಡೂ ಬಳಕೆಯಲ್ಲಿರುವಾಗ ಹಳೆಯದನ್ನು ದಿನಕ್ಕೆ ಒಂದು ಗೇಣಿನಷ್ಟು ಮಾತ್ರ ಅತ್ತ ಜರುಗಿಸಿ. ಬಾತ್‌ರೂಮ್ ಬಾಗಿಲು ಯಾರೂ ಮುಚ್ಚದಂತೆ ಕೆಳಗೆ ಬೆಣೆ ಸಿಕ್ಕಿಸಿ.