ಬಾಡಿಗೆ ಮನೆ, ಮೊಳೆ ಹೊಡೆಯೋ ಹಾಗಿಲ್ಲ. ಮನಿ ಪ್ಲಾಂಟ್‌ನ ಗೋಡೆ ಮೇಲೆ ಹಬ್ಬಿಸೋದು ಹೇಗೆ?

ಹಾಲ್_ಕಿಟಕಿ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಬಾಡಿಗೆ ಮನೆ, ಹಾಲ್‌ನಲ್ಲಿ ಪೂರ್ವಕ್ಕೆ ಒಂದು ದೊಡ್ಡ ಕಿಟಕಿ. ಅದರ ಪಕ್ಕ ಸ್ಟೂಲ್ ಮೇಲೆ ಮನಿ ಪ್ಲಾಂಟ್ ಇದೆ, ಹಳದಿ ಪಟ್ಟೆ ಇರೋ ಸಾಮಾನ್ಯ ಜಾತಿ. ಬಳ್ಳಿ ಈಗ ನೆಲ ಮುಟ್ಟಿ ಸೋಫಾ ಕೆಳಗೆ ಹೋಗುತ್ತಿದೆ. ಇದನ್ನ ಎತ್ತಿ ಕಿಟಕಿ ಮೇಲಿಂದ ಹಾಯಿಸಿ, ಟಿವಿ ಹಿಂದಿನ ಗೋಡೆ ತುಂಬ ಹಬ್ಬಿಸಬೇಕು ಅಂತ ತುಂಬಾ ಆಸೆ. ಓನರ್ ಮೊಳೆ ಬೇಡ ಅಂದಿದ್ದಾರೆ. ಗೋಡೆಗೆ ಡಿಸ್ಟೆಂಪರ್ ಇರಬೇಕು, ಕೈಯಾಡಿಸಿದರೆ ಬಿಳಿ ಪುಡಿ ಅಂಟುತ್ತೆ.

ಗೆಣ್ಣುಗಳಲ್ಲಿ ಬೇರು ಬಂದಿದೆ, ಆದರೂ ಗೋಡೆಗೆ ಹಿಡಿದುಕೊಳ್ಳುತ್ತಿಲ್ಲ, ಯಾಕೆ? ತುದಿ ಕಡೆ ಬಂದ ಹಾಗೆ ಎಲೆ ಸಣ್ಣ ಆಗುತ್ತಿದೆ. ಮಧ್ಯದಲ್ಲಿ ಒಂದು ಮೊಳ ಉದ್ದ ಎಲೆಯೇ ಇಲ್ಲ, ಬೋಳು. ಅಲ್ಲಿ ಮತ್ತೆ ಎಲೆ ಬರುತ್ತಾ?

ಕುಂಡ_ಮಣ್ಣು:
ಆ ಬೇರು ಇರೋದು ಮರದ ತೊಗಟೆ ಹಿಡಿಯೋದಕ್ಕೆ. ತೊಗಟೆ ಒರಟು, ಮಳೆಗೆ ನೆನೆದು ತೇವ ಇರುತ್ತೆ. ನಿಮ್ಮ ಗೋಡೆ ನುಣುಪು ಮತ್ತು ಒಣ, ಹಾಗಾಗಿ ಬೇರು ಅರ್ಧ ಇಂಚು ಬಂದು ತುದಿ ಒಣಗಿ ಅಲ್ಲೇ ನಿಲ್ಲುತ್ತೆ. ಹಾಗಂತ ಗೋಡೆಗೆ ನೀರು ಸ್ಪ್ರೇ ಮಾಡೋಕೆ ಹೋಗಬೇಡಿ. ಪೇಂಟ್ ಉಬ್ಬುತ್ತೆ, ಮಳೆಗಾಲದಲ್ಲಿ ಕಪ್ಪು ಬೂಷ್ಟು ಬರುತ್ತೆ. ಬೇರು ನಿಜಕ್ಕೂ ಕಚ್ಚಿಕೊಂಡರೂ ನಿಮಗೇ ನಷ್ಟ, ಕೀಳುವಾಗ ಪೇಂಟ್ ಸಮೇತ ಬರುತ್ತೆ, ಕಂದು ಗೆರೆ ಉಳಿಯುತ್ತೆ, ಮನೆ ಬಿಡುವಾಗ ಪೇಂಟಿಂಗ್ ಅಂತ ಅಡ್ವಾನ್ಸ್‌ನಲ್ಲಿ ಹೇಗೂ ಹಿಡಿದುಕೊಳ್ಳುತ್ತಾರೆ, ಅದರ ಮೇಲೆ ಇದೊಂದು ಮಾತು ಬೇರೆ. ಗೋಡೆ ಮೇಲೆ ಹಬ್ಬಿದ ಹಾಗೆ ಕಾಣಲಿ, ಆದರೆ ಭಾರವೆಲ್ಲ ದಾರದ ಮೇಲಿರಲಿ.

ಆನ್‌ಲೈನ್‌ನಲ್ಲಿ ಸಿಗೋ ಅಂಟಿಸೋ ಕ್ಲಿಪ್ ನಿಮಗೆ ಆಗಲ್ಲ. ಪುಡಿ ಬಿಡೋ ಡಿಸ್ಟೆಂಪರ್ ಮೇಲೆ ಅಂಟು ಹಿಡಿಯೋದು ಪುಡಿಗೆ, ಗೋಡೆಗಲ್ಲ. ಬಳ್ಳಿ ಭಾರ ಬಿದ್ದ ಕೂಡಲೇ ಪದರ ಸಮೇತ ಉದುರುತ್ತೆ. ಎಮಲ್ಷನ್ ಗೋಡೆ ಆಗಿದ್ದರೆ, ಅಥವಾ ಟೈಲ್ಸ್, ಮರದ ಚೌಕಟ್ಟು ಇದ್ದರೆ ಪರವಾಗಿಲ್ಲ.

ಕಿಟಕಿ ಮೇಲೆ ಕರ್ಟನ್ ರಾಡ್ ಇದೆ ಅಲ್ವಾ? ಅಲ್ಲಿವರೆಗೆ ಕಿಟಕಿಯ ಗ್ರಿಲ್‌ನಿಂದ ನೈಲಾನ್ ದಾರ ಎಳೆಯಿರಿ, ಮೀನಿನ ಗಾಳಕ್ಕೆ ಹಾಕೋ ದಾರ ಆದರೆ ದೂರದಿಂದ ಕಾಣೋದೂ ಇಲ್ಲ. ವೈರಿಂಗ್ ಪಟ್ಟಿಗೆ ಮಾತ್ರ ದಾರ ಕಟ್ಟಬೇಡಿ. ಟಿವಿ ಗೋಡೆಗೆ ಬಿದಿರಿನ ಸೀಳುಗಳನ್ನು ಏಣಿ ಹಾಗೆ ಕಟ್ಟಿ, ಮೇಲೆ ತೆಂಗಿನ ನಾರಿನ ಹಗ್ಗ ಸುತ್ತಿ, ನೆಲದ ಮೇಲೆ ನಿಲ್ಲಿಸಿ ಗೋಡೆಗೆ ಒರಗಿಸಿಬಿಡಿ. ಮೊಳೆ ಬೇಡ, ಮನೆ ಬದಲಾಯಿಸುವಾಗ ಬಳ್ಳಿ ಸಮೇತ ಎತ್ತಿಕೊಂಡು ಹೋಗಬಹುದು. ಆ ನಾರಿನ ಹಗ್ಗಕ್ಕೆ ಆಗಾಗ ನೀರು ಚಿಮುಕಿಸಿದರೆ ಬೇರು ಅದನ್ನು ಹಿಡಿದುಕೊಳ್ಳುತ್ತೆ.

ಮಲೆನಾಡ್_ತೋಟ:
ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ, ಕಾಳುಮೆಣಸಿನ ಬಳ್ಳಿ ಮರ ಹತ್ತಿಸೋದು ದಿನದ ಕೆಲಸ. ಮೆಣಸಿನ ಬಳ್ಳಿಗೂ ಗೆಣ್ಣಲ್ಲಿ ಬೇರು ಇದೆ, ತಾನೇ ಹಿಡಿದುಕೊಳ್ಳೋ ಶಕ್ತಿಯೂ ಇದೆ, ಆದರೂ ಶುರುವಿನಲ್ಲಿ ನಾವು ಕಟ್ಟಲೇಬೇಕು. ಮನಿ ಪ್ಲಾಂಟ್‌ಗೂ ಅದೇ ಕ್ರಮ ನಡೆಯುತ್ತೆ. ಕಟ್ಟೋದು ಹೇಗೆ ಅನ್ನೋದನ್ನು ಯಾರೂ ಸರಿಯಾಗಿ ಹೇಳೋದಿಲ್ಲ, ಹಾಗಾಗಿ ಬಿಡಿಸಿ ಬರೆಯುತ್ತೇನೆ.

ಬಳ್ಳಿಯನ್ನು ಕೈಯಲ್ಲಿ ಹಿಡಿದು ಬೇರು ಯಾವ ಮಗ್ಗುಲಿಗೆ ಬಂದಿದೆ ನೋಡಿ. ಆ ಮಗ್ಗುಲು ಗೋಡೆ ಕಡೆಗಿರಬೇಕು. ತಿರುಚಿ ಕಟ್ಟಿದರೆ ಎಲೆಗಳು ಗೋಡೆಗೆ ಮುಖ ಮಾಡುತ್ತವೆ, ಆಮೇಲೆ ಬೆಳಕಿಗೆ ತಿರುಗೋದಕ್ಕೆ ಒಂದೊಂದು ಎಲೆಯೂ ತೊಟ್ಟನ್ನು ಸೊಟ್ಟ ಮಾಡಿಕೊಂಡು ಒದ್ದಾಡುತ್ತೆ. ಗಂಟು ಗೆಣ್ಣಿನ ಸ್ವಲ್ಪ ಕೆಳಗೆ ಬರಲಿ, ಎಲೆಯ ತೊಟ್ಟಿಗೆ ಯಾವತ್ತೂ ಕಟ್ಟಬೇಡಿ. ನಾವು ಬಾಳೆ ನಾರನ್ನು ನೆನೆಸಿ ಕಟ್ಟುತ್ತೇವೆ, ಅದು ಮೆತ್ತಗಿರುತ್ತೆ, ಕಾಂಡ ಕೊರೆಯಲ್ಲ. ಪೇಟೆಯಲ್ಲಿ ಹಳೇ ಕಾಟನ್ ಬಟ್ಟೆಯ ಪಟ್ಟಿ ಸಾಕು. ದಾರಕ್ಕೊಂದು ಸುತ್ತು, ಬಳ್ಳಿಗೊಂದು ಸುತ್ತು, ಮಧ್ಯ ಕಿರುಬೆರಳು ತೂರುವಷ್ಟು ಸಡಿಲ. ಕುಡಿಯ ಕಡೆಯ ಎರಡು ಗೆಣ್ಣು ಬಿಟ್ಟುಬಿಡಿ, ಅಲ್ಲಿ ಎಳಸು, ಸ್ವಲ್ಪ ಬಗ್ಗಿಸಿದರೂ ಪಟಕ್ಕಂತ ಮುರಿಯುತ್ತೆ.

ಮೂಲೆಯಲ್ಲಿ ತಿರುಗಿಸಬೇಕಾದರೆ ಒಂದೆರಡು ದಿನ ನೀರು ಕೊಡೋದು ತಡ ಮಾಡಿ. ಕಾಂಡ ಸ್ವಲ್ಪ ಬಾಡಿದಾಗ ಬಗ್ಗುತ್ತೆ, ನೀರು ತುಂಬಿ ಬಿರುಸಾಗಿದ್ದಾಗ ಬಗ್ಗಲ್ಲ. ಗೆಣ್ಣಿನ ಹತ್ತಿರ ಅಲ್ಲ, ಎರಡು ಗೆಣ್ಣಿನ ಮಧ್ಯೆ, ಅಗಲವಾಗಿ ತಿರುಗಿಸಬೇಕು.

ಎಲೆ ಸಣ್ಣ ಆಗೋದು ಬಳ್ಳಿ ಇಳಿಬಿದ್ದಿದ್ದಕ್ಕೆ. ಈ ಜಾತಿಯೇ ಹಾಗೆ, ಮೇಲೆ ಹತ್ತಿದರೆ ಎಲೆ ದೊಡ್ಡದಾಗುತ್ತೆ, ಜೋತುಬಿದ್ದರೆ ಸಣ್ಣದಾಗುತ್ತೆ. ಅಂಗಳದ ತೆಂಗಿನ ಮರ ಹತ್ತಿದ ಮನಿ ಪ್ಲಾಂಟ್ ನೋಡಿ, ಎಲೆ ಮೊರದಷ್ಟಗಲ, ಅಂಚೆಲ್ಲ ಸೀಳಿರುತ್ತೆ. ನೋಡಿದವರು ಇದು ಬೇರೆ ಗಿಡ ಅಂದುಕೊಳ್ಳುತ್ತಾರೆ. ಮೆಣಸಿನಲ್ಲೂ ಹೀಗೇ, ಇಳಿಬಿದ್ದ ಕವಲಿನಿಂದ ಫಸಲು ನಿರೀಕ್ಷೆ ಮಾಡೋ ಹಾಗಿಲ್ಲ. ಹಾಗಾಗಿ ಸೀದಾ ಅಡ್ಡ ಎಳೆಯಬೇಡಿ. ಮೊದಲು ನೆಟ್ಟಗೆ ಮೇಲಕ್ಕೆ ಹತ್ತಿಸಿ, ಆಮೇಲೆ ಓರೆಯಾಗಿ ಬಿಡಿ.

ಮೂರನೇ_ಮಹಡಿ:
ಕಟ್ಟೋ ಕ್ರಮ ತುಂಬಾ ಚೆನ್ನಾಗಿ ಹೇಳಿದ್ದೀರಿ. ಆದರೆ ಟಿವಿ ಗೋಡೆ ಬಗ್ಗೆ ನನಗೆ ಅನುಮಾನ. ಅಲ್ಲಿ ಬೆಳಕು ಎಷ್ಟಿದೆ? ಬೆಳಗ್ಗೆ ಹತ್ತರ ಹೊತ್ತಿಗೆ ಲೈಟ್ ಆರಿಸಿ ಆ ಗೋಡೆ ಮುಂದೆ ಕೈ ಹಿಡಿಯಿರಿ. ನೆರಳಿನಲ್ಲಿ ಬೆರಳು ಗುರುತು ಸಿಕ್ಕರೆ ಧೈರ್ಯವಾಗಿ ಹಬ್ಬಿಸಿ. ನೆರಳೇ ಬೀಳದಿದ್ದರೆ ಬಳ್ಳಿ ಬದುಕುತ್ತೆ, ಆದರೆ ಗೆಣ್ಣಿಂದ ಗೆಣ್ಣಿಗೆ ದೂರ ಜಾಸ್ತಿ ಆಗುತ್ತೆ, ಹೊಸ ಎಲೆಗಳಲ್ಲಿ ಹಳದಿ ಕಡಿಮೆ ಆಗುತ್ತಾ ಬರುತ್ತೆ. ಹಳದಿ ಭಾಗದಲ್ಲಿ ಹಸಿರು ಕಡಿಮೆ, ಬೆಳಕು ಸಾಲದಿದ್ದಾಗ ಗಿಡಕ್ಕೆ ಹಸಿರೇ ಬೇಕು. ಕಿಟಕಿ ಪಕ್ಕದ ಗೋಡೆಯನ್ನೇ ತುಂಬಿಸಿ ಅಂತ ನನ್ನ ಅಭಿಪ್ರಾಯ, ಅಲ್ಲಿ ನಿಜಕ್ಕೂ ಸೊಂಪಾಗಿ ಬರುತ್ತೆ.

ಬೋಳು ಭಾಗದಲ್ಲಿ ಉದುರಿದ ಎಲೆಯ ಜಾಗಕ್ಕೆ ಮತ್ತೆ ಎಲೆ ಬರಲ್ಲ. ಗೆಣ್ಣಲ್ಲಿ ಮೊಗ್ಗು ಇರುತ್ತೆ, ಕುಡಿ ಕತ್ತರಿಸಿದರೆ ಅಲ್ಲಿಂದ ಕವಲು ಒಡೆಯಬಹುದು. ಸುಮ್ನೆ ಕಾಯೋದಕ್ಕಿಂತ ತುದಿಯ ಕಡೆ ಎರಡೆರಡು ಗೆಣ್ಣಿನ ತುಂಡು ಮಾಡಿ ನೀರಿನ ಬಾಟಲಿಯಲ್ಲಿಡಿ, ಬೇರು ಬಂದ ಮೇಲೆ ಅದೇ ಕುಂಡದಲ್ಲಿ ಊರಿ. ಗೋಡೆ ತುಂಬಿದ ಹಾಗೆ ಕಾಣೋದು ಒಂದೇ ಉದ್ದ ಬಳ್ಳಿಯಿಂದಲ್ಲ, ಒಂದೇ ಕುಂಡದಿಂದ ನಾಲ್ಕೈದು ಬಳ್ಳಿ ಹೊರಟಾಗ. ಬಾಟಲಿ ನೀರು ವಾರಕ್ಕೊಮ್ಮೆ ತಪ್ಪದೆ ಬದಲಾಯಿಸಿ, ಡೆಂಗ್ಯೂ ಸೊಳ್ಳೆ ಮೊಟ್ಟೆ ಇಡೋದು ಇಂಥ ನೀರಿನಲ್ಲೇ.

ಹಾಲ್_ಕಿಟಕಿ:
ಕೈ ನೆರಳು ನೋಡಿದೆ. ಟಿವಿ ಗೋಡೆಯಲ್ಲಿ ಏನೂ ಕಾಣಲಿಲ್ಲ, ಕಿಟಕಿ ಪಕ್ಕ ಚೆನ್ನಾಗಿ ಬಿತ್ತು. ಅಲ್ಲೇ ಬಿದಿರಿನ ಏಣಿ ನಿಲ್ಲಿಸುತ್ತೇನೆ. ಇನ್ನೊಂದು ವಿಷಯ, ಅಕ್ಕ ಮುಂದಿನ ತಿಂಗಳು ನಮ್ಮ ಜೊತೆ ಇರೋಕೆ ಬರುತ್ತಾಳೆ, ಅವಳ ಬೆಕ್ಕೂ ಬರುತ್ತೆ. ಬೆಕ್ಕು ಎಲೆ ಕಚ್ಚಿದರೆ ತೊಂದರೆನಾ? ಇದರ ಬದಲು ವೀಳ್ಯದೆಲೆ ಬಳ್ಳಿ ಹಾಕಬಹುದಾ?

ಮಲೆನಾಡ್_ತೋಟ:
ತೊಂದರೆ ಇದೆ. ಮನಿ ಪ್ಲಾಂಟ್ ಕೆಸುವಿನ ಕುಟುಂಬದ್ದು. ಕೆಸುವಿನೆಲೆ ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತಲ್ಲ, ಪತ್ರೊಡೆಗೆ ಹುಣಸೆಹುಳಿ ಹಾಕೋದು ಅದಕ್ಕೇ, ಅದೇ ಸೂಜಿ ಥರದ ಹರಳು ಇದರ ಎಲೆಯಲ್ಲೂ ಇದೆ. ಬೆಕ್ಕು ಕಚ್ಚಿದರೆ ಬಾಯಿ ಉರಿದು ಜೊಲ್ಲು ಸುರಿಸುತ್ತೆ, ವಾಂತಿ ಮಾಡಬಹುದು. ಹಾಗೇನಾದರೂ ಆದರೆ ಪಶುವೈದ್ಯರಿಗೆ ತೋರಿಸಿ. ಅಂಬೆಗಾಲಿಡೋ ಮಗು ಇರೋ ಮನೆಯಲ್ಲೂ ಇದೇ ಎಚ್ಚರ ಬೇಕು. ಕುಂಡವನ್ನು ಎತ್ತರಕ್ಕೇರಿಸಿದರೂ ಬೆಕ್ಕು ಬಿಡಲ್ಲ, ಆ ಬಿದಿರಿನ ಏಣಿಯನ್ನೇ ಹತ್ತುತ್ತೆ.

ವೀಳ್ಯದೆಲೆ ಹಾಲ್‌ನೊಳಗೆ ಬೇಡ. ಅದಕ್ಕೆ ಹಸಿ ಗಾಳಿ ಬೇಕು, ಫ್ಯಾನಿನ ಒಣ ಗಾಳಿಗೆ ಸೊರಗುತ್ತೆ. ಬಾಲ್ಕನಿಯಲ್ಲಿ ಅರೆನೆರಳು ಇದ್ದರೆ ಅಲ್ಲಿ ಹಾಕಿ, ಕಟ್ಟೋ ಕ್ರಮ ಮೇಲೆ ಹೇಳಿದ್ದೇ.

ಮೂರನೇ_ಮಹಡಿ:
ಬೆಕ್ಕು ಬರೋದು ಖಚಿತ ಅಂದರೆ ಹೋಯಾ ನೋಡಿ, ನರ್ಸರಿಗಳಲ್ಲಿ ಸಿಗುತ್ತೆ, ಬೆಕ್ಕಿಗೆ ವಿಷ ಅಲ್ಲ. ದಪ್ಪ ಎಲೆ, ನೀರು ಕಡಿಮೆ ಸಾಕು, ಪೂರ್ವದ ಕಿಟಕಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ಆದರೆ ಇದು ಸುತ್ತಿಕೊಂಡು ಹತ್ತೋ ಬಳ್ಳಿ, ಹಾಗಾಗಿ ಏಣಿಗಿಂತ ತೆಳು ದಾರ ಇಷ್ಟಪಡುತ್ತೆ, ನಿಧಾನವಾಗಿ ಬೆಳೆಯುತ್ತೆ. ಎಲೆ ಇಲ್ಲದೆ ಉದ್ದಕ್ಕೆ ಚಾಚಿದ ಕುಡಿ ಕಂಡರೆ ಒಣಗಿದೆ ಅಂತ ಕತ್ತರಿಸಬೇಡಿ, ಅದು ಆಸರೆ ಹುಡುಕುತ್ತಿರುತ್ತೆ, ಸಿಕ್ಕ ಮೇಲೆ ಎಲೆ ಬಿಡುತ್ತೆ. ಹೂವು ಬಾಡಿದ ಮೇಲೂ ಅದರ ತೊಟ್ಟನ್ನು ಹಾಗೇ ಬಿಡಿ, ಮುಂದಿನ ಸಲದ ಗೊಂಚಲು ಅದೇ ತೊಟ್ಟಿನಿಂದ ಬರುತ್ತೆ.