ಎಲ್ಲ ಮಕ್ಕಳಿಗೂ ಒಗ್ಗುವ ಬೇಸಿಗೆ ಶಿಬಿರ: ಯಾವ ಕೆಲಸ ಮೊದಲು?

ಪ್ರಶ್ನೆ

ನಾವು ಕೆಲವು ಸ್ವಯಂಸೇವಕರು ವಾರಾಂತ್ಯಗಳಲ್ಲಿ ಸೇರಿ, ಹಳೆಯದೊಂದು ಬೇಸಿಗೆ ಶಿಬಿರವನ್ನು ಅಂಗವೈಕಲ್ಯವಿರುವ ಮಕ್ಕಳೂ ಬಳಸುವಂತೆ ಸುಧಾರಿಸುತ್ತಿದ್ದೇವೆ. ಮಲಗುವ ಕೋಣೆಗಳ ಜಗಲಿ ನೆಲದಿಂದ 50 ಸೆಂಟಿಮೀಟರ್ ಎತ್ತರದಲ್ಲಿದೆ. ಅಲ್ಲಿಗೆ ಹೋಗುವ ದಾರಿಯಲ್ಲಿ ಸಡಿಲ ಜಲ್ಲಿ ಹರಡಿದೆ. ಬಡಗಿ ಕೆಲಸ ಬಲ್ಲವರು ಇಬ್ಬರೇ ಇರುವುದರಿಂದ, ಮೊದಲು ಯಾವುದನ್ನು ಕೈಗೆತ್ತಿಕೊಳ್ಳಬೇಕು?

ಉತ್ತರ 1

ರ‍್ಯಾಂಪಿನ (ಗಾಲಿಕುರ್ಚಿ ಏರಲು ಮಾಡುವ ಇಳಿಜಾರು ದಾರಿಯ) ಅನುಪಾತ 1:12ಕ್ಕಿಂತ, ಅಂದರೆ 1 ಮೀಟರ್ ಎತ್ತರಕ್ಕೆ 12 ಮೀಟರ್ ಉದ್ದ ಎಂಬುದಕ್ಕಿಂತ, ಕಡಿದಾಗಬಾರದು ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಳತೆಯಾದ್ದರಿಂದ, ನಿಮ್ಮ ಜಗಲಿಗೆ ಕನಿಷ್ಠ 6 ಮೀಟರ್ ಉದ್ದದ ರ‍್ಯಾಂಪ್ ಬೇಕಾಗುತ್ತದೆ. ಮೇಲೆ ಮತ್ತು ಕೆಳಗೆ ಸುಮಾರು 1.5 ಮೀಟರ್ ಉದ್ದದ ಸಮತಟ್ಟು ಜಾಗವನ್ನೂ, ಎರಡೂ ಬದಿಗೆ ಕೈಪಿಡಿಕಂಬಿಯನ್ನೂ, ಚಕ್ರ ಜಾರಿಹೋಗದಂತೆ ಅಂಚುಪಟ್ಟಿಯನ್ನೂ ಇಡಿ. ಮಳೆಯಲ್ಲಿ ನುಣುಪಾದ ಹಲಗೆ ಜಾರುತ್ತದೆ ಎಂಬುದನ್ನು ದಯವಿಟ್ಟು ಮರೆಯಬೇಡಿ.

ಉತ್ತರ 2

ನಾನು ಗಾಲಿಕುರ್ಚಿ ಬಳಸುವವನು. ದಾರಿಯನ್ನೇ ಮೊದಲು ಸರಿಪಡಿಸಿ ಎಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಮುಂದಿನ ಸಣ್ಣ ಚಕ್ರಗಳು ಸಡಿಲ ಜಲ್ಲಿಯಲ್ಲಿ ಹೂತುಹೋದರೆ ಎಷ್ಟು ಚೆಂದದ ರ‍್ಯಾಂಪ್ ಇದ್ದರೂ ಅದನ್ನು ತಲುಪಲಾಗುವುದಿಲ್ಲ. ಜಲ್ಲಿಯನ್ನು ತೆಗೆದು, ಕಲ್ಲುಪುಡಿ ಹಾಕಿ ನೀರು ಚಿಮುಕಿಸಿ ಗಟ್ಟಿಯಾಗಿ ದಮ್ಮಸು ಮಾಡುವುದಕ್ಕೆ ಬಡಗಿಗಳೇ ಬೇಕಿಲ್ಲ. ಶೌಚಾಲಯದೊಳಗೆ ಕುರ್ಚಿ ತಿರುಗಲು 1.5 ಮೀಟರ್ ವ್ಯಾಸದ ಜಾಗವಿದೆಯೇ ಎಂದೂ ಅಳೆಯಿರಿ. ಬಾಲ್ಯದಲ್ಲಿ ಒಂದು ಶಿಬಿರದಲ್ಲಿ ನನ್ನನ್ನು ಶೌಚಾಲಯಕ್ಕೆ ಪ್ರತಿ ಬಾರಿಯೂ ಎತ್ತಿಕೊಂಡೇ ಒಯ್ಯುತ್ತಿದ್ದರು; ಆ ಸಂಕೋಚಕ್ಕೆ ನಾನು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದೆ.

ಪ್ರಶ್ನೆ ಕೇಳಿದವರು

ಶೌಚಾಲಯದ ವಿಷಯ ನಮ್ಮ ಪಟ್ಟಿಯಲ್ಲೇ ಇರಲಿಲ್ಲ. ಈ ವಾರ ಅದನ್ನು ಅಳೆದು, ಉಳಿದವರೆಲ್ಲರೂ ದಾರಿಯ ಕೆಲಸಕ್ಕೆ ಇಳಿಯುತ್ತೇವೆ. ಬಡಗಿಗಳಿಬ್ಬರು ರ‍್ಯಾಂಪಿನ ನಕ್ಷೆ ಸಿದ್ಧಪಡಿಸುತ್ತಾರೆ.